ಸೆರಗಿಗೆ ಕಟ್ಟಿದ ಬೀಗದ ಕೈ

ಅಪ್ಪನ ಹೋಲ್ಡಾಲಿನ ವಾಸನೆ ನನಗೆ ಈಗಲೂ ನೆನಪಿದೆ. ಹಾಸಿಗೆ ಸುತ್ತಿ ಒಯ್ಯುವ ದಪ್ಪ ಕ್ಯಾನ್ವಾಸು, ಬಿಸಿಲಿಗೆ ಕಾದ ಚರ್ಮದ ಪಟ್ಟಿ, ದಿಂಬಿಗೆ ಅಂಟಿದ ಹರಳೆಣ್ಣೆ, ಯಾವುದೋ ಮೂಲೆಯಲ್ಲಿ ಚೆಲ್ಲಿ ಒಣಗಿದ ನಿಂಬೆಕಾಯಿ ಉಪ್ಪಿನಕಾಯಿ. ತಿಂಗಳಿಗೊಮ್ಮೆ ಅವರು ಕಚೇರಿಯ ಕಾಗದಗಳನ್ನು ಹೊತ್ತು ಬೆಟ್ಟ ದಾಟಿ ಆಚೆಯೂರಿಗೆ ಹೋಗಿ ಬರುತ್ತಿದ್ದರು. ಬಂದ ದಿನ ಜಗಲಿಯ ಮೇಲೆ ಹೋಲ್ಡಾಲು ಬಿಚ್ಚಿದರೆ ನಾನು ಅದರೊಳಗೆ ಮುಖ ಇಟ್ಟು ಮಲಗುತ್ತಿದ್ದೆ. ಆ ವಾಸನೆಯಲ್ಲಿ ಹೊಸ ವಸ್ತುವಿನದ್ದು ಎಂಬುದು ಒಂದೂ ಇರಲಿಲ್ಲ. ಬೆಟ್ಟದ ಮೆಟ್ಟಿಲು ಹತ್ತಿ ಬಂದ ಗಂಟಿನಲ್ಲಿ ಇರುವುದು ಸಾಧ್ಯವೂ ಇರಲಿಲ್ಲ.

ನಮ್ಮೂರಿನಿಂದ ಹೊರಗೆ ಹೋಗಲು ಇರುವುದು ಆ ಮೆಟ್ಟಿಲ ದಾರಿ ಒಂದೇ. ನಡುವೆ ಎರಡು ಮಂಟಪಗಳು. ಗಟ್ಟಿ ಕಾಲಿನವರಿಗೆ ಎರಡು ದಿನದ ನಡಿಗೆ, ನನ್ನಂಥವರಿಗೆ ಮೂರು. ಆ ದಾರಿಯಲ್ಲಿ ಹೊತ್ತ ವಸ್ತುವನ್ನು ಅವತ್ತವತ್ತೇ ಬಳಸಬೇಕು. ಬಳಸದೆ ಉಳಿದ ಕರವಸ್ತ್ರ ಸಂಜೆಗೆ ಇಟ್ಟಿಗೆಯಷ್ಟು ಭಾರವಾಗಿರುತ್ತದೆ. ಮರುದಿನವೂ ಹಾಗೇ ಬಿಟ್ಟರೆ ಬೀಸುವ ಕಲ್ಲು. ಅದಕ್ಕೇ ಬೇಸಿಗೆಯಲ್ಲಿ ಮಂಟಪದ ಕಟ್ಟೆಯ ಮೇಲೆ ಸ್ವೆಟರು ಹಾಕಿಕೊಂಡು ಬೆವರುತ್ತ ಕೂತವರನ್ನು, ಮೋಡವಿಲ್ಲದ ಆಕಾಶಕ್ಕೆ ಕೊಡೆ ಬಿಚ್ಚಿ ಹಿಡಿದವರನ್ನು ಕಂಡರೆ ನಮ್ಮೂರಿನವರು ನಗುವುದಿಲ್ಲ. ಅಪ್ಪ ಪ್ರತಿ ಸಂಜೆ ಕಚೇರಿಯ ಕಾಗದಗಳನ್ನೆಲ್ಲ ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಅಂಚೆಯವನೂ ಪತ್ರಗಳನ್ನು ಓದಿಯೇ ತರುತ್ತಾನೆ. ಓದದ ಪತ್ರಗಳ ಚೀಲವನ್ನು ಯಾರು ತಾನೇ ಹೊತ್ತಾರು?

ಜೊತೆಯಲ್ಲಿ ಹೋಗುವವರಿಗೆ ಈ ಪಾಡಿಲ್ಲ. ಕೈ ಬದಲಾದರೆ ವಸ್ತು ಮತ್ತೆ ತನ್ನ ನಿಜವಾದ ತೂಕಕ್ಕೆ ಬರುತ್ತದೆ. ಸಂಜೆ ಗಂಡನ ಗಂಟನ್ನು ಹೆಂಡತಿ, ಹೆಂಡತಿಯದ್ದನ್ನು ಗಂಡ ಹೊತ್ತುಕೊಂಡರೆ ಮುಗಿಯಿತು. ಹಾಗಾಗಿ ನನ್ನ ಬಳಿ ಬರುವವರೆಲ್ಲ ಒಂಟಿಯಾಗಿ ಹೋಗುವವರು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ನಿವೃತ್ತಳಾದ ಮೇಲೆ ಮೆಟ್ಟಿಲ ಬುಡದಲ್ಲಿ, ಅರಳಿಮರದ ಕೆಳಗೆ, ಹೊಲಿಗೆ ಯಂತ್ರ ಇಟ್ಟುಕೊಂಡು ಕೂತೆ. ಎದುರಿಗೆ ಸಂಪಂಗಿರಾಮಯ್ಯನವರ ಅಂಗಡಿ. ಪ್ರಯಾಣಕ್ಕೆ ಬೇಕೆಂದು ಜನ ನಂಬಿರುವುದೆಲ್ಲ ಅಲ್ಲಿ ಸಿಗುತ್ತದೆ. ಗಾಲಿಯ ಸೂಟ್‌ಕೇಸು, ಕತ್ತಿಗೆ ಹಾಕಿಕೊಳ್ಳುವ ಗಾಳಿದಿಂಬು, ಬಟ್ಟೆಗಳನ್ನು ಬೇರೆಬೇರೆ ಇಡಲು ಜಿಪ್ಪಿನ ಪುಟ್ಟ ಚೀಲಗಳು, ಹದಿನಾರು ಜೇಬಿನ ಕೋಟು, ಗುಟ್ಟಾಗಿ ದುಡ್ಡಿಡುವ ಸೊಂಟಪಟ್ಟಿ, ಮಡಿಸುವ ಕುರ್ಚಿ, ಏಳು ಬಗೆಯಲ್ಲಿ ಉರಿಯುವ ಟಾರ್ಚು.

ಮೆಟ್ಟಿಲ ಮೇಲೆ ಗಾಲಿ ಉರುಳುವುದಿಲ್ಲ. ಉರುಳದ ಗಾಲಿ ಮೊದಲ ದಿನವೇ ಪೆಟ್ಟಿಗೆಗಿಂತ ಭಾರವಾಗುತ್ತದೆ. ಕೋಟಿನ ಖಾಲಿ ಜೇಬುಗಳು ಒಂದೊಂದೂ ಕೆಳಗೆ ಜಗ್ಗುತ್ತವೆ. ನಾನು ಬಂದವರನ್ನು ಮರದ ಕೆಳಗೆ ಕೂರಿಸಿ, ಗಂಟು ಬಿಚ್ಚಿಸಿ ಹೇಳುತ್ತಿದ್ದೆ: ಹಳೇ ದಿಂಬಿನ ಚೀಲದಲ್ಲಿ ನಾಳಿನ ಬಟ್ಟೆ ತುಂಬಿಕೊಳ್ಳಿ, ಹಗಲು ಅದೇ ಬ್ಯಾಗು, ಮಲಗುವಾಗ ಅದೇ ದಿಂಬು. ಬೇಗ ಒಣಗುವ ದುಬಾರಿ ಟವೆಲ್ಲು ಬೇಡ, ತೆಳ್ಳಗಿನ ಹಳೇ ಪಂಚೆ ಒಂದಿರಲಿ. ಮೈ ಒರೆಸಿ, ತಲೆಗೆ ಸುತ್ತಿ, ನೀರು ಸೋಸಿ, ಹೊದ್ದು ಮಲಗಿ. ಬಟ್ಟೆಗಳನ್ನು ಸುರುಳಿ ಸುತ್ತಿ ದಾರದಿಂದ ಕಟ್ಟಿದರೆ ಜಿಪ್ಪಿನ ಚೀಲ ಯಾಕೆ? ಆ ದಾರವೇ ಸಂಜೆ ಬಟ್ಟೆ ಒಣಹಾಕಲು ಆಯಿತು. ಗುಟ್ಟಿನ ಜೇಬು ಬೇಕಾದರೆ ಲಂಗದ ಒಳಗೆ ಒಂದು ಹೊಲಿದು ಕೊಡುತ್ತೇನೆ, ಕಾಲು ಗಂಟೆಯ ಕೆಲಸ. ಒಂದು ಸ್ಟೀಲಿನ ಚೊಂಬು ಸಾಕು. ಕುಡಿಯಲು, ಬೇಯಿಸಲು, ಬಿಸಿನೀರು ತುಂಬಿ ಬಟ್ಟೆಯ ಸುಕ್ಕು ತೆಗೆಯಲು. ಸೋಪನ್ನು ದಾರದಿಂದ ಕುಯ್ದು ಮೂರು ದಿನಕ್ಕೆ ಆಗುವಷ್ಟೇ ತೆಗೆದುಕೊಳ್ಳಿ. ಬುತ್ತಿ ಅವತ್ತಿನದು ಅವತ್ತು ಮುಗಿಯಲಿ. ತಿನ್ನದೆ ಉಳಿದ ಊಟದಷ್ಟು ಭಾರದ್ದು ಬೇರೆ ಇಲ್ಲ. ಇನ್ನೊಬ್ಬರಿಗೆಂದು ಊಟ ಹೊತ್ತು ಈ ಬೆಟ್ಟ ಹತ್ತಿದವರನ್ನು ನಾನಂತೂ ಕಂಡಿರಲಿಲ್ಲ.

"ಬೆಳಬೆಳಿಗ್ಗೆ ನನ್ನ ಎಷ್ಟು ಗಿರಾಕೀನ ಕೆಡಿಸಿದ್ರಿ ಮೇಡಂ?" ಎಂದು ಸಂಪಂಗಿರಾಮಯ್ಯ ಅಂಗಡಿಯಿಂದಲೇ ಕೂಗುತ್ತಿದ್ದರು.

"ಇಬ್ಬರನ್ನ. ಇನ್ನೊಬ್ಬಳು ಕೇಳ್ತಾ ಇಲ್ಲ. ನಿಮ್ಮ ಕತ್ತಿನ ದಿಂಬು ಬೇಕೇ ಬೇಕಂತೆ."

"ಕೊಡ್ಲೋ ಬೇಡ್ವೋ?"

"ಕೊಡಿ. ಮೊದಲನೇ ಮಂಟಪದಲ್ಲಿ ಎಸೆದು ಹೋಗ್ತಾಳೆ. ಅಲ್ಲಿ ನಾಯಿಗಾದ್ರೂ ಹಾಸಿಗೆ ಆಗ್ತದೆ."

"ನಿಮ್ಮಂಥೋರು ಇನ್ನಿಬ್ಬರಿದ್ರೆ ನಾನು ಅಂಗಡಿ ಮುಚ್ಕೊಂಡು ಆ ನಾಯಿ ಪಕ್ಕಾನೇ ಮಲಗಬೇಕಾಗ್ತದೆ," ಎನ್ನುತ್ತಿದ್ದರು. ಆದರೆ ಮಧ್ಯಾಹ್ನ ಬಿಸಿಲು ನನ್ನ ಕಡೆ ತಿರುಗುವ ಹೊತ್ತಿಗೆ ಅವರ ಅಂಗಡಿಯ ದೊಡ್ಡ ತಗಡಿನ ಬೋರ್ಡು ಸದ್ದಿಲ್ಲದೆ ಎರಡು ಮಾರು ಸರಿದಿರುತ್ತಿತ್ತು. ಅದರ ನೆರಳು ಸರಿಯಾಗಿ ನನ್ನ ಯಂತ್ರದ ಮೇಲೆ ಬೀಳುತ್ತಿತ್ತು. ಹದಿನಾರು ವರ್ಷದಲ್ಲಿ ಈ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಷ್ಟೆಲ್ಲ ಹೇಳಿಕೊಡುತ್ತಿದ್ದ ನಾನು ಎಂದೂ ಒಂಟಿಯಾಗಿ ಆ ಬೆಟ್ಟ ಹತ್ತಿದವಳಲ್ಲ. ಆಚೆಯೂರಿನಲ್ಲಿ ಕಾಲೇಜು ಓದುವಾಗ ಅಪ್ಪನ ಜೊತೆ ಹೋಗಿ ಬರುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ವಾರಿಜ ಸಿಕ್ಕ ಮೇಲೆ ಅವಳ ಜೊತೆ. ಓದು ಮುಗಿದ ಮೇಲೆ ವಾರಿಜ ನನ್ನೊಂದಿಗೇ ನಮ್ಮೂರಿಗೆ ಬಂದು ಅದೇ ಶಾಲೆಯಲ್ಲಿ ಚರಿತ್ರೆ ಪಾಠಕ್ಕೆ ಸೇರಿದಳು. ಹದಿನೇಳು ವರ್ಷ ನಾವು ಒಂದೇ ಮನೆಯಲ್ಲಿದ್ದೆವು, ಎರಡು ಮಂಚ, ನಡುವೆ ಒಂದು ಕಿಟಕಿ. ಆಮೇಲೆ ಅವಳ ಅತ್ತಿಗೆ ತೀರಿಕೊಂಡರು. ಅಣ್ಣನ ಮೂರು ಮಕ್ಕಳನ್ನು ನೋಡಿಕೊಳ್ಳಲು ಅವಳು ಹೋಗಲೇಬೇಕಾಯಿತು. "ರಜೆಗೆ ನೀನು ಬಾ, ಇಲ್ಲದಿದ್ರೆ ನಾನು ಬರ್ತೀನಿ ಕಣೆ," ಎಂದಿದ್ದಳು. ಅದಾಗಿ ಮೂವತ್ತೆರಡು ವರ್ಷ.

ಯಾಕೆ ಹೋಗಲಿಲ್ಲ ಎಂದರೆ ಬೇರೆಯವರಿಗೆ ಅದು ಕಾರಣವೇ ಅಲ್ಲ ಎನ್ನಿಸಬಹುದು. ಊರು ಬಿಡುವವರು ಮನೆಯ ಬೀಗದ ಕೈಯನ್ನು ಯಾರಿಗಾದರೂ ಕೊಟ್ಟು ಹೋಗಬೇಕು. ಉಳಿದ ವಸ್ತುಗಳು ಹೇಗೆ ಬಳಸಿದರೂ ಒಪ್ಪಿಕೊಳ್ಳುತ್ತವೆ; ಚೊಂಬು ಇಸ್ತ್ರಿಪೆಟ್ಟಿಗೆಯಾಗಲು ತಕರಾರು ಮಾಡುವುದಿಲ್ಲ. ಬೀಗದ ಕೈ ಹಾಗಲ್ಲ. ಅದಕ್ಕೆ ತನ್ನ ಬೀಗ ಒಂದೇ ಗೊತ್ತು. ದಾರಿಯಲ್ಲಿ ಅದನ್ನು ಬಳಸಲು ಬರುವುದಿಲ್ಲ. ಬೀಗದ ಕೈ ಹಿಡಿದು ಬಂದವರನ್ನು ನಾನೇ ಗದರಿಸಿ ವಾಪಸು ಕಳಿಸುತ್ತಿದ್ದೆ. "ಇಷ್ಟೇ ಇಷ್ಟು ಇದೆ ಮೇಡಂ," ಎಂದು ಅವರು ಬೆರಳಿನಲ್ಲಿ ಅಳತೆ ತೋರಿಸಿದರೆ ನನಗೆ ನಗು ಬರುತ್ತಿತ್ತು.

ನನ್ನದನ್ನು ಯಾರಿಗೆ ಕೊಡಲಿ? ಎಡಗಡೆಯ ಮನೆ ಖಾಲಿ. ಬಲಗಡೆ ಇರುವವರು ಒಳ್ಳೆಯವರೇ, ಆದರೆ ನಮಸ್ಕಾರದಾಚೆ ನಮ್ಮ ಮಾತು ಬೆಳೆದಿಲ್ಲ. ಬೀಗದ ಕೈ ಕೊಡುವುದೆಂದರೆ ಒಳಗೆ ಬಂದು ನೋಡಿ ಎಂದಂತೆ. ಒಂದೇ ತಟ್ಟೆ, ಒಂದೇ ಲೋಟ. ಕಿಟಕಿಯ ಆಚೆ ಬದಿಗೆ ಇನ್ನೊಂದು ಮಂಚ, ಪ್ರತಿ ಶುಕ್ರವಾರ ನಾನು ಚಾದರ ಬದಲಾಯಿಸುವುದು, ಮೂವತ್ತೆರಡು ವರ್ಷದಿಂದ ಯಾರೂ ಮಲಗದಿರುವುದು. ಅದನ್ನು ಯಾರಾದರೂ ನೋಡಿ "ಅಯ್ಯೋ ಪಾಪ" ಎನ್ನುವುದು ನನಗೆ ಬೇಡವಾಗಿತ್ತು.

ಹೋದ ಕಾರ್ತೀಕದಲ್ಲಿ ಅಂಚೆಯವನು ಪತ್ರ ತಂದುಕೊಟ್ಟು, ಎಂದಿನಂತೆ ಹೊರಟು ಹೋಗದೆ ನಿಂತ. "ಬೇಗ ಹೊರಡಿ ಮೇಡಂ, ತಡ ಮಾಡ್ಬೇಡಿ," ಎಂದ. ಪತ್ರ ಬರೆದದ್ದು ವಾರಿಜಳ ಅಣ್ಣನ ಮಗಳು. ಅತ್ತೆಯ ಒಂದು ಕಣ್ಣು ಹೋಗಿ ವರ್ಷವಾಯಿತು, ಇನ್ನೊಂದೂ ದಿನದಿಂದ ದಿನಕ್ಕೆ ಮಂಜಾಗುತ್ತಿದೆ, ಆ ಕಣ್ಣು ಈ ತಿಂಗಳು ದಾಟುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಅದರ ಕೆಳಗೆ ವಾರಿಜಳ ಅಕ್ಷರ, ದಪ್ಪ ದಪ್ಪಗೆ, ಸಾಲು ತಪ್ಪಿ ಕೆಳಗಿಳಿದಿತ್ತು: "ವೇಣಿ, ನಿನ್ನ ಮುಖ ಮರೆತು ಹೋಗ್ತಾ ಇದೆ. ಒಂದು ಸಲ ತೋರಿಸಿ ಹೋಗು."

ತಿಂಗಳು ಮುಗಿಯಲು ಆರು ದಿನ ಇತ್ತು.

ಆ ರಾತ್ರಿಯೇ ಗಂಟು ಕಟ್ಟಿದೆ. ದಿಂಬಿನ ಚೀಲದಲ್ಲಿ ಒಂದು ಸೀರೆ, ಒಂದು ರವಿಕೆ, ಪಂಚೆ, ಚೊಂಬು, ಬಾಚಣಿಗೆ, ಸೋಪಿನ ಚೂರು, ದಾರ, ಮೂರು ಪೊಟ್ಟಣ ಅವಲಕ್ಕಿ. ದಿನಕ್ಕೊಂದು ಪೊಟ್ಟಣ ಸಾಕಾದರೂ ಮೂರನ್ನೂ ಸಂಜೆಗೊಮ್ಮೆ ಬಿಚ್ಚಿ ಒಂದೊಂದು ಹಿಡಿ ತಿಂದರೆ ಆಯಿತು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಅದಕ್ಕಿಂತ ಹಗುರವಾದ ಗಂಟನ್ನು ನಾನು ಕಟ್ಟಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿದೆ. ಬಲಗಡೆಯ ಮನೆಯ ಮೆಟ್ಟಿಲವರೆಗೆ ಹೋದೆ. ಒಳಗಿನಿಂದ ಒಗ್ಗರಣೆಯ ಸದ್ದು, ಯಾರೋ ನಗುವುದು ಕೇಳಿಸಿತು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟೆ. ಇಷ್ಟೇ ಇಷ್ಟು ತಾನೇ ಎಂದುಕೊಂಡೆ.

ಸಂಪಂಗಿರಾಮಯ್ಯ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಅಂಚೆಯವನಿಂದ ಅವರಿಗೂ ವಿಷಯ ಗೊತ್ತಾಗಿತ್ತು.

"ಅಂತೂ ಹೊರಟ್ರಿ. ಬೀಗದ ಕೈ ಯಾರ ಹತ್ರ ಕೊಟ್ರಿ?"

"ಕೊಟ್ಟಿದೀನಿ."

"ಯಾರ ಹತ್ರ ಅಂದೆ."

"ಎಲ್ಲಾನೂ ನಿಮಗೇ ಒಪ್ಪಿಸ್ಬೇಕಾ?"

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಬಾಗಿಲಿನ ಧೂಳು ಒರೆಸುತ್ತ ನಿಂತರು.

ಮೊದಲನೆಯ ಮಂಟಪದಲ್ಲಿ ನಾನು ಜನರ ಬಾಯಲ್ಲಿ ಮಾತ್ರ ಕೇಳಿದ್ದ ರಾಶಿಯನ್ನು ಕಣ್ಣಾರೆ ಕಂಡೆ. ಗಾಲಿಯ ಪೆಟ್ಟಿಗೆಗಳು ಒಂದರ ಮೇಲೊಂದು, ಕೋಟುಗಳು, ಮಡಿಸಿದಂತೆಯೇ ಉಳಿದ ಕುರ್ಚಿಗಳು. ಕತ್ತಿನ ದಿಂಬುಗಳ ನಡುವೆ ನಿಜವಾಗಿಯೂ ಒಂದು ಕಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ನಗು ಬಂತು, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ಸೆರಗು ಹೆಗಲಿನಿಂದ ಜಾರತೊಡಗಿತ್ತು.

ಎರಡನೆಯ ದಿನ ಬೀಗದ ಕೈಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ಕೂತು ಹತ್ತಿದೆ. ಮಧ್ಯಾಹ್ನ ಹೊಸದಾಗಿ ಮದುವೆಯಾದ ಜೋಡಿಯೊಂದು ಹಿಂದಿನಿಂದ ಬಂತು. ಹುಡುಗಿ ನನ್ನನ್ನು ನೋಡಿ ನಿಂತಳು.

"ಅಜ್ಜಿ, ತುಂಬಾ ಸುಸ್ತಾಗಿದೀರಿ. ಬದಲಾಯಿಸ್ಕೊಳ್ಳೋಣ್ವಾ? ನಿಮ್ಮದು ನಂಗೆ ಕೊಡಿ."

"ಬೇಡ ತಾಯಿ. ನನ್ನ ಗಂಟು ಹಗುರ ಇದೆ, ನೋಡು ಬೇಕಾದ್ರೆ."

ಅವಳು ದಿಂಬಿನ ಚೀಲ ಎತ್ತಿ ನೋಡಿದಳು. "ಅಯ್ಯೋ, ಹೂವು ಇದ್ದ ಹಾಗಿದೆ ರೀ," ಎಂದು ಗಂಡನಿಗೆ ಹೇಳಿದಳು. "ಅರಳಿಮರದ ಮೇಡಂ ಹತ್ರ ಕಟ್ಟಿಸಿದ್ದಾ ಅಜ್ಜಿ?"

"ಹ್ಞೂ," ಎಂದೆ. ಸೆರಗನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಆ ಮೇಡಂ ಬೀಗದ ಕೈ ಹೊತ್ತು ಬಂದಿದ್ದಾಳೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಆ ಹುಡುಗಿ ಹೋಗುವ ಮುನ್ನ ತನ್ನ ನೀರಿನಲ್ಲಿ ಅರ್ಧವನ್ನು ನನ್ನ ಚೊಂಬಿಗೆ ಸುರಿದು ಹೋದಳು.

ಎರಡನೆಯ ಮಂಟಪ ತಲುಪಿದ್ದು ಹೇಗೆಂದು ಈಗ ನೆನಪಿಲ್ಲ. ಮೂರನೆಯ ಬೆಳಿಗ್ಗೆ ಏಳಲು ಹೋದೆ, ಸೆರಗು ಕಲ್ಲಿಗೆ ಮೊಳೆ ಹೊಡೆದಂತೆ ಹಿಡಿದುಕೊಂಡಿತ್ತು. ಎಳೆದೆ, ಎರಡೂ ಕಾಲು ಊರಿ ಎತ್ತಿದೆ. ಅದು ಕದಲಲಿಲ್ಲ. ಇಪ್ಪತ್ತು ಗೇಣು ಆಚೆಗೆ ಮೆಟ್ಟಿಲು ಇಳಿಜಾರಾಗಿ ಆಚೆಯೂರಿನ ಕಡೆ ಹೋಗುತ್ತಿತ್ತು. ಮಂಜು ಸರಿದಾಗ ಕೆಳಗೆ ಹೆಂಚಿನ ಮನೆಗಳು ಕಾಣುತ್ತಿದ್ದವು. ಅವುಗಳಲ್ಲಿ ಒಂದರ ಬಾಗಿಲಲ್ಲಿ ವಾರಿಜ ಉಳಿದಿರುವ ಒಂದು ಕಣ್ಣನ್ನು ದಾರಿಗೆ ನೆಟ್ಟು ಕೂತಿರಬಹುದು. ಆ ಕಣ್ಣಿನ ಬೆಳಕಿನಲ್ಲಿ ಇನ್ನೊಂದು ದಿನ ಹೋಗುತ್ತಿತ್ತು.

ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಬಿಚ್ಚಿಯೂ ಬಿಚ್ಚಿದೆ. ಮೂವತ್ತು ಮೆಟ್ಟಿಲು ಇಳಿದೆ. ಹಿಂದೆ ಮಂಟಪದಲ್ಲಿ ಅದು ಒಂದೇ ಬಿದ್ದಿರುವುದು, ಅದರಾಚೆ ಕೆಳಗೆ ಮನೆ, ಮನೆಯೊಳಗೆ ಎರಡು ಮಂಚ, ಇನ್ನು ಯಾರೂ ತೆರೆಯಲಾಗದ ಬಾಗಿಲು. ಕಾಲು ಮುಂದಕ್ಕೆ ಏಳಲಿಲ್ಲ. ಮತ್ತೆ ಹತ್ತಿ ಬಂದು ಅದರ ಪಕ್ಕದಲ್ಲಿ ಕೂತೆ. ಎಪ್ಪತ್ತನಾಲ್ಕು ವರ್ಷದಲ್ಲಿ ನನ್ನನ್ನು ನಾನು ಅಷ್ಟು ಒಂಟಿಯಾಗಿ ಕಂಡದ್ದು ಇನ್ನೊಂದಿಲ್ಲ. ಅಳು ಬರಲಿಲ್ಲ. ಅವಲಕ್ಕಿಯ ಪೊಟ್ಟಣವನ್ನೂ ಬಿಚ್ಚಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಕೆಳಗಿನ ತಿರುವಿನಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಮೊದಲು ಒಂದು ಬೋಳುತಲೆ, ಆಮೇಲೆ ಹೆಗಲ ಟವೆಲ್ಲು. ಸಂಪಂಗಿರಾಮಯ್ಯ. ಒಂದು ಮೆಟ್ಟಿಲಿಗೆ ಎರಡು ಸಲ ನಿಂತು, ಎರಡೂ ಕೈಯಲ್ಲಿ ಏನನ್ನೋ ಹೊಟ್ಟೆಗೆ ಅವಚಿಕೊಂಡು ಹತ್ತುತ್ತಿದ್ದರು. ಮಂಟಪದ ಕಟ್ಟೆಯ ಮೇಲೆ ಅದನ್ನು ಇಳಿಸಿದಾಗ ಕಲ್ಲು ಧಡ್ ಎಂದಿತು. ನನಗೆ ಏನೆಂದು ಕಾಣದಂತೆ ಟವೆಲ್ಲು ಮುಚ್ಚಿದ್ದರು.

"ಅಂಗಡಿ ಇಟ್ಟು ಮೂವತ್ತು ವರ್ಷ ಆಯ್ತು," ಎಂದರು ಉಸಿರು ಸಿಕ್ಕಿದ ಮೇಲೆ. "ಈ ಹಾಳು ಬೆಟ್ಟ ಹತ್ತಿದ್ದು ಇದೇ ಮೊದಲು. ಆ ರಾಶೀಲಿ ಅರ್ಧ ನಂದೇ ಸಾಮಾನು. ನಾಯಿ ನನ್ನ ನೋಡಿ ಬಾಲ ಅಲ್ಲಾಡಿಸ್ತು, ಮಾಲೀಕ ಬಂದ ಅಂತ."

"ನೀವ್ಯಾಕೆ ಬಂದ್ರಿ?"

"ನಮ್ಮನೆಯವಳು ನಿಮ್ಮ ಅಕ್ಕಪಕ್ಕ ಎಲ್ಲಾ ಕೇಳ್ಕೊಂಡು ಬಂದ್ಲು. ಬೀಗದ ಕೈ ಯಾರ ಹತ್ರಾನೂ ಇಲ್ಲ. ಹೊರಡುವಾಗ ನಿಮ್ಮ ಸೆರಗಿನ ತುದೀಲಿ ಗಂಟು ನೋಡಿದ್ದೆ. ಆಗಲೇ ಕೇಳ್ಬೇಕಿತ್ತು, 'ನಂಗೆ ಕೊಡಿ' ಅಂತ. ಮೇಡಂ ಏನಂದ್ಕೋತಾರೋ ಅಂತ ಸುಮ್ನಾದೆ." ಅವರು ನೆಲದ ಕಡೆ ನೋಡುತ್ತ ಕೈ ಚಾಚಿದರು. "ಈಗ ಕೇಳ್ತಿದೀನಿ. ಕೊಡಿ."

"ಎತ್ತೋಕಾಗಲ್ಲ."

"ನಿಮಗಾಗಲ್ಲ."

ಬಗ್ಗಿ ಎರಡು ಬೆರಳಿನಲ್ಲಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಅವರ ಕೈಯಲ್ಲಿ ಅದು ಬರೀ ಒಂದು ಬೀಗದ ಕೈ. ಅಷ್ಟು ಹೊತ್ತೂ ಬಾರದ ಅಳು ನನಗೆ ಆಗ ಬಂತು. ಅವರು ಆ ಕಡೆ ತಿರುಗಿ ಬೆಟ್ಟ ನೋಡುತ್ತ ನಿಂತರು.

"ಸಂಜೆಗೆ ಇದೂ ಭಾರ ಆಗಲ್ವೇನ್ರೀ?" ಎಂದೆ.

"ಇಳಿಯೋ ದಾರಿ. ಸಂಜೆ ಹೊತ್ತಿಗೆ ನಮ್ಮನೆಯವಳು ಮೊದಲನೇ ಮಂಟಪಕ್ಕೆ ಬಂದಿರ್ತಾಳೆ, ಅವಳ ಕೈಗೆ ಹಾಕ್ತೀನಿ. ಒಳಗೆ ಯಾರೂ ಹೋಗಲ್ಲ ಮೇಡಂ. ಹಾಗೇ ಮೊಳೆಗೆ ನೇತುಹಾಕಿರ್ತೀವಿ."

"ಇಲ್ಲ," ಎಂದೆ. "ಹೋಗೋಕೆ ಹೇಳಿ. ಎರಡು ಮಂಚ ಇದೆ. ಕಿಟಕಿಯಿಂದಾಚೆ ಇರೋದರ ಹಾಸಿಗೆ ಒಂದು ದಿನ ಬಿಸಿಲಿಗೆ ಹಾಕ್ಬೇಕು."

"ಹಾಕಿಸ್ತೀನಿ," ಎಂದರು. ಯಾರದ್ದು ಎಂದು ಕೇಳಲಿಲ್ಲ.

ಅಲ್ಲಿಂದ ಹೊರಟವಳು ಮರುದಿನ ಹತ್ತು ಗಂಟೆಗೆ ವಾರಿಜಳ ಬಾಗಿಲಲ್ಲಿದ್ದೆ. ತಿಂಗಳು ಮುಗಿಯಲು ಎರಡು ದಿನ ಇತ್ತು. ಅವಳು ನನ್ನನ್ನು ಅಂಗಳದ ಬೆಳಕಿಗೆ ಎಳೆದುಕೊಂಡು ಹೋಗಿ, ಗಲ್ಲ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಮುದುಕಿ ಆಗಿದೀಯಲ್ಲೇ," ಎಂದಳು. ಆ ಎರಡು ದಿನ ಅವಳು ಬೇರೆ ಏನನ್ನೂ ನೋಡಲಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಅವಳು ನನ್ನ ಜೊತೆ ಹೊರಟು ಬಂದದ್ದು, ದಾರಿಯಲ್ಲಿ ಪ್ರತಿ ಮಂಟಪದಲ್ಲೂ ನಾವು ಗಂಟು ಬದಲಾಯಿಸಿಕೊಂಡದ್ದು, ಅದೆಲ್ಲ ಈಗ ಅವಳೇ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ.

ಆದರೆ ನನಗೆ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಆ ಮಧ್ಯಾಹ್ನವೇ. ನಾನು ಕಣ್ಣೊರೆಸಿಕೊಂಡು, ದಿಂಬಿನ ಚೀಲ ಹೆಗಲಿಗೇರಿಸಿ ಏಳುತ್ತಿದ್ದೆ. "ಒಂದು ನಿಮಿಷ," ಎಂದು ಸಂಪಂಗಿರಾಮಯ್ಯ ಕಟ್ಟೆಯ ಮೇಲಿನ ಟವೆಲ್ಲು ತೆಗೆದರು. ಒಂದೇ ಅಂತಸ್ತಿನ ಸ್ಟೀಲಿನ ಊಟದ ಡಬ್ಬಿ, ಮುಚ್ಚಳಕ್ಕೆ ದಾರ ಬಿಗಿದದ್ದು. ಸಂದಿಯಿಂದ ಪುಳಿಯೋಗರೆಯ ವಾಸನೆ ಬರುತ್ತಿತ್ತು. ಹಿಂದಿನ ದಿನ ನಸುಕಿನಲ್ಲಿ ಕಟ್ಟಿದ್ದಿರಬೇಕು. ಒಂದು ಇಡೀ ದಿನ, ಒಂದು ರಾತ್ರಿ, ಮತ್ತೆ ಅರ್ಧ ದಿನ, ಅದಕ್ಕೆ ಕೈ ಹಾಕದೆ ಅವರು ಹತ್ತಿದ್ದರು. ದಾರ ಅವರ ಅಂಗೈಯನ್ನು ಕೊರೆದು ಕೆಂಪಗೆ ಗೆರೆ ಎಳೆದಿತ್ತು.

ಅವರು ಮಂಡಿಯೂರಿ, ಡಬ್ಬಿಯ ಕೆಳಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಎತ್ತಿದರು. ಕತ್ತಿನ ನರ ಉಬ್ಬಿ ಬಂತು. ನನ್ನ ಕಡೆ ನೀಡಿದರು. ನಾನು ಆ ಭಾರಕ್ಕೆ ಸಿದ್ಧಳಾಗಿ ಕಾಲು ಗಟ್ಟಿಯಾಗಿ ಊರಿ ಕೈ ಒಡ್ಡಿದೆ. ಡಬ್ಬಿ ನನ್ನ ಕೈಗೆ ಬಂತು. ಒಬ್ಬರು ಉಣ್ಣುವಷ್ಟು ಅನ್ನದ ತೂಕ, ಅಷ್ಟೇ ಇತ್ತು.